ನಾನು ರಸ್ತೆ ಅದೀನ್ರಿ, ನಿಮ್ಮ ಕಣ ಅಲ್ಲ!

ಹುಕ್ಕೇರಿ ತಾಲೂಕಿನ ಘೋಡಗೇರಿ. ಮಳೆಗಾಲದ ಗೋವಿನಜೋಳ ಕೈಗೆ ಬಂತೆಂದರೆ ಈ ಭಾಗದಲ್ಲಿ ರಸ್ತೆಯ ಒಂದು ಮಗ್ಗುಲು ವಾಹನಕ್ಕೆ, ಇನ್ನೊಂದು ಕಾಳಿಗೆ. ಅರ್ಧ ಮೈಗೆ ಹಳದಿ ಹೊದ್ದು ಮಲಗಿದ್ದ ಡಾಂಬರು ರಸ್ತೆಯನ್ನು ನಮ್ಮ ಪ್ರತಿನಿಧಿ ಮಾತಿಗೆಳೆದರು.

ಪ್ರತಿನಿಧಿ: ನಮಸ್ಕಾರ. ಸುಗ್ಗಿ ಜೋರಾಗಿದೆಯಲ್ಲ!

ರಸ್ತೆ: ನಮಸ್ಕಾರ್ರಿ. ಜರಾ ಆ ಕಡೆ ಸರದು ನಿಂದರ್ರಿ, ಗೋಂಜಾಳ ತುಳೀಬ್ಯಾಡ್ರಿ. ತುಳಿಯಾಕ ಟ್ರ್ಯಾಕ್ಟರ್ ಅದಾವು.

ಪ್ರತಿನಿಧಿ: ನಿಮಗೆ ಕಣದ ಕೆಲಸ ವಹಿಸಿದವರು ಯಾರು?

ರಸ್ತೆ: ಆರ್ಡರೂ ಇಲ್ಲ, ಪಗಾರೂ ಇಲ್ಲ, ಇನ್‌ಚಾರ್ಜ್ ಅಷ್ಟ. ಮೊದಲ ಹೊಲದಾಗ ಕಣ ಇರ್ತಿತ್ತು. ನೆಲ ಕೆತ್ತಿ, ನೀರು ಹೊಡದು, ಸಗಣಿ ಸಾರಿಸಿ ನಡುವ ಮೇಟಿ ನಡ್ತಿದ್ರು. ಇವತ್ತ ನನ್ನ ರಾಶಿಗೆ ನೀ ಬಾ, ನಾಳೆ ನಿನ್ನ ರಾಶಿಗೆ ನಾ ಬರ್ತೀನಿ ಅಂತ ಮುಯ್ಯಾಳು ನಡೀತಿತ್ತು. ಈಗ ಕಣದ ಜಾಗಾದಾಗ ಕಬ್ಬು ನಿಂತೈತಿ.

ಪ್ರತಿನಿಧಿ: ನಷ್ಟ ಎಷ್ಟಾಗುತ್ತದೆ?

ರಸ್ತೆ: ಗಾಲಿಗೆ ಸಿಕ್ಕು ಹಿಟ್ಟಾಗಿದ್ದು ನನ್ನ ಪಾಲು. ಹಂದಿ, ದನ, ಹಕ್ಕಿ ತಿಂದದ್ದು ಅವುಗಳ ಪಾಲು. ಉಳದದ್ದರಾಗ ಮಳಿ ಪಾಲು ಬ್ಯಾರೆ. ಒಡದ ಕಾಳಿಗೆ ನುಸಿ ಲಗೂನ ಹತ್ತತೈತಿ. ಹಸಿ ಕಾಳು ಚೀಲಕ್ಕ ತುಂಬಿದ್ರ ಒಳಗ ಕಾವು, ಆಮ್ಯಾಲ ಬೂಸ್ಟು. ಅದರಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ. ಆ ಕಾಳು ಎಮ್ಮಿಗೆ ಹಾಕಿದ್ರ ಹಾಲಿನಾಗ ತಿರುಗಿ ನಿಮ್ಮ ಮನಿಗೇ ಬರ್ತೈತಿ.

ಪ್ರತಿನಿಧಿ: ವಿಶ್ವಸಂಸ್ಥೆಯೂ ಚಿಂತಿತವಾಗಿದೆ. ಸೆಪ್ಟೆಂಬರ್ 29 ಆಹಾರ ನಷ್ಟ ಜಾಗೃತಿಯ ದಿನ.

ರಸ್ತೆ: ಕೇಳೇನ್ರಿ. ಜಗತ್ತಿನ ಆಹಾರದಾಗ ಸುಮಾರು ಶೇ 14 ಕೊಯ್ಲಾದ ಮ್ಯಾಲ ಅಂಗಡಿ ಮುಟ್ಟೂದರಾಗ ಹೋಗತೈತಿ ಅಂತ ಆಹಾರ ಮತ್ತು ಕೃಷಿ ಸಂಸ್ಥೆ 2019ರಾಗ ಹೇಳ್ತು. ಬೆಂಬಲ ಬೆಲೆಗೆ ಕೊಡೋ ಗೋಂಜಾಳದಾಗ ತೇವನೂ ಶೇ 14ರ ಮ್ಯಾಲ ಇರಬಾರದು. ಈ ಎರಡನೇ ಹದಿನಾಲ್ಕು ಸಂಭಾಳಿಸಾಕ ಕಲತ್ರ ಮೊದಲನೇದು ಇಳಿಯಾಕ ಹತ್ತತೈತಿ.

ಪ್ರತಿನಿಧಿ: ತೇವ ಅಳೆಯಲು ಮೀಟರ್ ಬೇಕಲ್ಲ?

ರಸ್ತೆ: ಇಲ್ಲಂದ್ರ ಉಪ್ಪು ಐತೆಲ್ರಿ! ಒಣಗಿದ ಗಾಜಿನ ಬಾಟ್ಲಿಯಾಗ ಒಂದು ಹಿಡಿ ಕಾಳು, ಒಂದೆರಡು ಚಮಚ ಒಣ ಉಪ್ಪು ಹಾಕ್ರಿ. ಮುಚ್ಚಳ ಬಿಗದು ಅಲ್ಲಾಡ್ಸಿ ಹತ್ತು ಹದಿನೈದು ನಿಮಿಷ ಇಡ್ರಿ. ಉಪ್ಪು ಗಾಜಿಗೆ ಅಂಟಿತಂದ್ರ ಇನ್ನೂ ಹಸಿ. ಉದುರಿ ತಳಕ್ಕ ಬಿದ್ರ ಚೀಲ ತರ್ರಿ. ಆದ್ರ ಇಲ್ಲಿ ನಡ್ಯೂದು ಹಲ್ಲಿನ ಪರೀಕ್ಷಾ. ರೈತ ಕಡದು ‘ಕಟಕ್ ಅಂತು’ ಅಂತಾನ. ಅಡತಿಯವನ ಹಲ್ಲಿಗೆ ಅದು ಕಟಕ್ ಅನ್ನೂದಿಲ್ಲ. ಇವರಿಬ್ಬರ ಹಲ್ಲಿನ ನಡುವ ರೇಟು ಇಳೀತೈತಿ.

ಪ್ರತಿನಿಧಿ: ಎಲ್ಲರೂ ಕೂಡಿ ಒಣಗಿಸಿ ಅಳೆಯಬಹುದಲ್ಲ? ಸಹಕಾರ ಈ ಜನಕ್ಕೆ ಹೊಸದೇ?

ರಸ್ತೆ: ಹೊಸಾದಾ? 1905ರಾಗ ಗದಗ ಹತ್ರ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ರು. ನಮ್ಮ ಹುಕ್ಕೇರಿಯಾಗ 1969ರಿಂದ ಕರೆಂಟಿಗೂ ಸಹಕಾರಿ ಸಂಘ ಐತಿ. ಸಾಲಕ್ಕ ಸಂಘ, ಹಾಲಿಗೆ ಸಂಘ, ಸಕ್ಕರಿಗೆ ಸಂಘ. ಕೊಯ್ದ ಮ್ಯಾಲಿನ ಎಂಟು ದಿನಕ್ಕ ಮಾತ್ರ ಯಾರೂ ಕೂಡೂದಿಲ್ಲ. ಆ ಎಂಟು ದಿನದಾಗ ಗೆಲ್ಲಾಕ ಕುರ್ಚಿ ಇಲ್ಲಲ್ರಿ.

ಪ್ರತಿನಿಧಿ: ಸರ್ಕಾರ ಸಬ್ಸಿಡಿಯಲ್ಲಿ ತಾಡಪತ್ರಿ ಕೊಡುತ್ತದೆ...

ರಸ್ತೆ: ರೈತ ಸಂಪರ್ಕ ಕೇಂದ್ರದಿಂದ ತಂದದ್ದು ದನದ ಕೊಟ್ಟಿಗಿ ಮ್ಯಾಲ ಐತಿ. ಮೋಡ ಕಂಡಾಗ ಓಡಿ ಹೋಗಿ ಬಿಚ್ಚತಾರ. ಬಾಜೂ ರಾಶಿಯವ ‘ಅಣ್ಣಾ, ಆ ತುದಿ ಜರಾ ಈ ಕಡೆ ಎಳಿ’ ಅಂದ್ರ, ‘ಹ್ವಾದ ಇಲೆಕ್ಷನ್ದಾಗ ನೀ ಯಾವ ಪ್ಯಾನಲ್ ಇದ್ದಿ?’ ಅಂತ ವಿಚಾರಣಾ. ಅದು ಮುಗಿಯೂದರಾಗ ಎರಡೂ ರಾಶಿ ತೊಯ್ದು ಮೊಳಕಿ ಒಡದಿರ್ತಾವು.

ಪ್ರತಿನಿಧಿ: ನಿಮ್ಮ ಬೇಡಿಕೆ?

ರಸ್ತೆ: ಠರಾವು ಬರಕೊಳ್ರಿ. ಊರಿಗೊಂದು ಕೂಡಿ ಮಾಡಿದ ಕಣ, ಸರತಿ ಪ್ರಕಾರ ಎಲ್ಲಾರಿಗೂ. ಒಂದು ತೇವದ ಮೀಟರು, ಅದನ್ನ ಹಿಡಿಯಾಕ ಕಲತ ನಾಕು ಮಂದಿ. ಅವರಾಗ ಹೆಣ್ಣಮಕ್ಕಳು ಇರಬೇಕು. ಕಾಳು ಹಸನ ಮಾಡೋ ವಿದ್ಯಾ ಅವರ ಮೊರದಾಗ ಐತಿ, ಸಭಾದಾಗ ಮಾತ್ರ ಅವರಿಗೆ ಜಾಗಾ ಇಲ್ಲ. ಸೂಚಕರು ನಾನು. ಅನುಮೋದಕರು ನೀವಾಗ್ರಿ.

ಪ್ರತಿನಿಧಿ: ಅದು... ಅಧ್ಯಕ್ಷರು ಯಾರ ಕಡೆಯವರು ಅಂತ ಮೊದಲು ತಿಳಿದರೆ ಒಳ್ಳೆಯದಿತ್ತು.

ರಸ್ತೆ: ಅಧ್ಯಕ್ಷರನ್ನ ಆಮ್ಯಾಲ ಆರಿಸೂಣು. ಪಡುವಲ ಮೋಡ ಕಟ್ಟೈತಿ, ಪೆನ್ನು ಕಿಸೆದಾಗ ಇಟ್ಟು ಆ ತಾಡಪತ್ರಿ ತುದಿ ಹಿಡೀರಿ!