ಪರರಾಜ್ಯಗ್ರಾಮನಿರ್ಣಯ ಅಥವಾ ತೊಂಡೇಬಾವಿಯ ವಲಸೆಶಾಸ್ತ್ರ

ಗ್ರಂಥದ ಪ್ರಯೋಜನವನ್ನು ಮೊದಲು ಹೇಳಬೇಕೆಂಬುದು ಶಾಸ್ತ್ರನಿಯಮ. ಗೌರಿಬಿದನೂರು ತಾಲ್ಲೂಕು ತೊಂಡೇಬಾವಿ ಹೋಬಳಿಯಲ್ಲಿ ಒಂದಿಷ್ಟು ಜಮೀನು, ಎರಡು ಸೀಮೆಹಸು, ಒಬ್ಬ ಅಜ್ಜಿ, ಶಾಲೆಗೆ ಹೋಗುವ ಎರಡು ಮಕ್ಕಳು ಇರುವ ಸಂಸಾರವೊಂದು ಇದ್ದದ್ದನ್ನು ಮಾರಿ ಪರರಾಜ್ಯದ ಹಳ್ಳಿಯಲ್ಲಿ ನೆಲೆಸಬೇಕೆಂದು ಹೊರಟರೆ ಯಾವ ಹಳ್ಳಿಯನ್ನು ಆರಿಸಬೇಕು ಎಂಬುದೇ ಇಲ್ಲಿ ವಿಷಯ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಬೆಂಗಳೂರಿಂದ ಕಾರಲ್ಲಿ ಬಂದ ಯಾರೋ ತನ್ನ ಹೊಲದ ಬದುವಿನ ಮೇಲೆ ನಿಂತು ಫೋಟೊ ಹೊಡೆದು ರೇಟು ಕೇಳಿ ಹೋದ ರಾತ್ರಿಯಿಂದ ನಿದ್ದೆ ಬಾರದ ಗೃಹಸ್ಥ. ಫಲ: ಇಲ್ಲಿ ಒಂದೆಕರೆ ಮಾರಿದರೆ ಅಲ್ಲಿ ಮೂರೆಕರೆ. ಮೂರು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಪೂರ್ವಾಚಾರ್ಯರು ವಿವರಿಸಿಲ್ಲ. ಪೂರ್ವಾಚಾರ್ಯರೆಂದರೆ ರೈಲ್ವೆ ಸ್ಟೇಷನ್ ಕಡೆಯ ಟೀ ಅಂಗಡಿ ಬೆಂಚಿನ ಮೇಲೆ ಬೆಳಗ್ಗೆ ಆಸೀನರಾಗುವವರು. ಅವರ ಮಾತು ಶಬ್ದಪ್ರಮಾಣವಾದ್ದರಿಂದ ಲೆಕ್ಕ ಕೇಳುವಂತಿಲ್ಲ.

ದಿಕ್ಪ್ರಕರಣ

ದಕ್ಷಿಣಕ್ಕೆ ಬೆಂಗಳೂರಿದೆ. ಅದು ಪರರಾಜ್ಯವಲ್ಲವೆಂದು ಭೂಪಟ ಹೇಳುತ್ತದೆ. ಮನೆಬಾಡಿಗೆ ಹಾಗೆ ಹೇಳುವುದಿಲ್ಲ. ಆದರೂ ಗ್ರಾಮಲಕ್ಷಣವಿಲ್ಲದ್ದರಿಂದ ತ್ಯಾಜ್ಯ.

ಪೂರ್ವಕ್ಕೆ, ಚಿಂತಾಮಣಿ ದಾಟಿ ಗಡಿಯಾಚೆ, ಮದನಪಲ್ಲಿ. ಅಲ್ಲಿ ದೊಡ್ಡ ಟೊಮೇಟೊ ಮಂಡಿಯಿದೆ. ಬಾಕ್ಸಿನ ಬೆಲೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದನ್ನು ಚಿಂತಾಮಣಿಯಲ್ಲೇ ಕಂಡವನಿಗೆ ಅದೇ ದುಃಖವನ್ನು ತೆಲುಗಿನಲ್ಲಿ ಅನುಭವಿಸಲು ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಪಶ್ಚಿಮದ ವಿಚಾರ ಗಹನ. ಆ ಕಡೆಯ ಮಧುಗಿರಿ ದಾಟಿ ಮುಂದುವರಿದರೆ ಪಾವಗಡ ಸಿಗುತ್ತದೆ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದು, ಆದರೆ ಸುತ್ತ ಬಹುಪಾಲು ಆಂಧ್ರ. ಪಕ್ಕದ ಮಡಕಶಿರಾ ಆಂಧ್ರಕ್ಕೆ ಸೇರಿದ್ದು, ಆದರೆ ಕರ್ನಾಟಕದೊಳಕ್ಕೆ ತಲೆ ತೂರಿಸಿಕೊಂಡು ಕೂತಿದೆ. ಪರರಾಜ್ಯ ಹುಡುಕುತ್ತ ನೆಟ್ಟಗೆ ನಡೆದವನು ಅದನ್ನು ದಾಟಿ ಮತ್ತೆ ಸ್ವರಾಜ್ಯಕ್ಕೆ ಬಿದ್ದುಬಿಡುವ ಅಪಾಯ ಇಲ್ಲಿದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಮಗ್ಗುಲ ಮೈಸೂರಿಗೂ ಇದಕ್ಕೂ ನಡುವೆ ಉಳಿದ ಗೆರೆ ಯಾವ ಆಲೋಚನೆಯಿಂದ ಹಾಗೆ ಓಡಿತೋ ಶಾಸ್ತ್ರಕಾರನಿಗೆ ಹೊಳೆದಿಲ್ಲ. ದನ ಅಟ್ಟಿಕೊಂಡು ಹೋಗುವವನ ಹಿಂದೆ ಗೆರೆ ಎಳೆದರೆ ಅಂಥ ಆಕಾರ ಬರುತ್ತದೆ.

ಉಳಿದದ್ದು ಉತ್ತರ. ಗೌರಿಬಿದನೂರು, ವಿದುರಾಶ್ವತ್ಥ ಕಳೆದರೆ ನಮ್ಮ ಸ್ಟೇಷನ್ನಿನ ರೈಲು ಗಡಿಯಾಚೆಯ ಹಿಂದೂಪುರಕ್ಕೆ ಹೋಗುತ್ತದೆ. ನಂದಿಯ ಕಡೆ ಹುಟ್ಟಿದ ಉತ್ತರಪಿನಾಕಿನಿಯೂ, ನೀರಿದ್ದ ವರ್ಷಗಳಲ್ಲಿ, ಅದೇ ದಾರಿ ಹಿಡಿದು ಆಧಾರ್ ಕಾರ್ಡಿಲ್ಲದೆ ಗಡಿ ದಾಟುತ್ತದೆ. ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಎರಡೂ ಕಡೆಯವರು ಹಾಲೆರೆಯುತ್ತಾರೆ. ರೈಲು, ನದಿ, ನಾಗಪ್ಪ ಮೂವರೂ ಒಪ್ಪಿದ ದಿಕ್ಕನ್ನು ಬಿಡಬಾರದೆಂದು ಸಿದ್ಧಾಂತ.

ಅದರಲ್ಲೂ ಹಿಂದೂಪುರದಿಂದ ಆ ಕಡೆ ಹೊರಳಿದರೆ ಸಿಗುವ ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳು ಪ್ರಶಸ್ತ. ಅಲ್ಲಿ ಮನೆಮಾತು ಕನ್ನಡ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಉಂಟು. ಅಮರಾಪುರದ ಬಳಿಯ ಹೇಮಾವತಿ ಹಿಂದೆ ಹೆಂಜೇರು, ನೊಳಂಬರ ರಾಜಧಾನಿ. ಹೀಗಾಗಿ ತೊಂಡೇಬಾವಿಯಿಂದ ಹೊರಟವನು ಕಷ್ಟಪಟ್ಟು ಪರರಾಜ್ಯ ತಲುಪಿದರೆ ಅಲ್ಲಿ ಕನ್ನಡ ಶಾಸನ ಎದುರುಗೊಳ್ಳುತ್ತದೆ. ಇತ್ತ ಅವನ ಸ್ವಂತ ತಾಲ್ಲೂಕಿನ ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ತೆಲುಗು ಬೇಕು. ಈ ವೈಪರೀತ್ಯವನ್ನು ಮುಂದೆ ಬರುವ ವಿದ್ವಾಂಸರಿಗೆ ಬಿಟ್ಟಿದೆ.

ಮಾನಪ್ರಕರಣ

ಭೂಮಿ ಅದೇ ಕೆಂಪುಮಣ್ಣು, ಅಳತೆ ಮಾತ್ರ ಬೇರೆ. ಇಲ್ಲಿ ಎಕರೆಗೆ 40 ಗುಂಟೆ, ಅಲ್ಲಿ ಎಕರೆಗೆ 100 ಸೆಂಟು. ಹತ್ತು ಗುಂಟೆ ಮಾರಿದವನು ಇಪ್ಪತ್ತೈದು ಸೆಂಟು ಕೊಂಡಾಗ ಎರಡೂವರೆಪಟ್ಟು ಶ್ರೀಮಂತನಾದೆನೆಂದು ಒಂದು ಕ್ಷಣ ಭಾವಿಸುವುದು ಸಹಜ. ಆ ಕ್ಷಣದಲ್ಲೇ ದಲ್ಲಾಳಿ ಅಡ್ವಾನ್ಸ್ ಕೇಳುತ್ತಾನೆ. ಪಹಣಿ ಹೋಗಿ ಅಡಂಗಲ್ ಬರುತ್ತದೆ, ಜೊತೆಗೆ ಪಟ್ಟಾದಾರ್ ಪಾಸ್ ಪುಸ್ತಕ. ಹೋಬಳಿ ಎಂಬುದು ಅಲ್ಲಿಲ್ಲ; 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಾಲ್ಲೂಕುಗಳನ್ನು ಒಡೆದು ಮಂಡಲ ಮಾಡಿತು. 2022ರಲ್ಲಿ ಅನಂತಪುರ ಜಿಲ್ಲೆಯನ್ನೂ ಒಡೆದು ಪುಟ್ಟಪರ್ತಿಯನ್ನು ಕೇಂದ್ರ ಮಾಡಿದರು. ನಾವೂ 2007ರಲ್ಲಿ ಕೋಲಾರದಿಂದ ಒಡೆದು ಬಂದವರೇ ಆದ್ದರಿಂದ ಈ ವಿಷಯದಲ್ಲಿ ಅವರನ್ನು ಕೀಳಾಗಿ ಕಾಣುವಂತಿಲ್ಲ.

ಉದ್ಯೋಗಪ್ರಕರಣ

(ಇಲ್ಲಿ ಗ್ರಂಥಪಾತ.)

ಜಲಪ್ರಕರಣ

ಇಲ್ಲಿ ಎಚ್‌.ಎನ್. ವ್ಯಾಲಿ, ಅಲ್ಲಿ ಎಚ್‌.ಎನ್.ಎಸ್.ಎಸ್. ಮೊದಲನೆಯದು ಹೆಬ್ಬಾಳ-ನಾಗವಾರ: ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ. ಮೂರನೇ ಹಂತ ಎಲ್ಲಿ ಎಂದು ನಮ್ಮವರು ಕೇಳುತ್ತಲೇ ಇದ್ದಾರೆ. ಎರಡನೆಯದು ಹಂದ್ರಿ-ನೀವಾ: ಶ್ರೀಶೈಲದ ಹಿನ್ನೀರಿಂದ ಕೃಷ್ಣೆಯನ್ನು ಪಂಪುಗಳ ಮೇಲೆ ಪಂಪಿಟ್ಟು ಮೇಲೆತ್ತಿ ತರುವುದು, ಅದರ ಒಂದು ಕಾಲುವೆ ಮಡಕಶಿರಾ ಕಡೆಗೂ ತಿರುಗಿದೆ. ಒಂದು ಕಡೆ ರಾಜಧಾನಿ ಮಿಂದ ನೀರು, ಇನ್ನೊಂದು ಕಡೆ ಮಲ್ಲಿಕಾರ್ಜುನನ ಪಾದದ ನೀರು ಎಂದು ಪೂರ್ವಾಚಾರ್ಯರ ಅಭಿಪ್ರಾಯ. ಎರಡೂ ತನ್ನ ಹೊಲದ ತನಕ ಬರುವುದಿಲ್ಲ ಎಂಬುದನ್ನು ಬಲ್ಲ ಗೃಹಸ್ಥ ನೇರವಾಗಿ ಬೋರ್‌ವೆಲ್ಲಿನ ಆಳ ವಿಚಾರಿಸುತ್ತಾನೆ. ಅದಕ್ಕೆ ಫೋನಿನಲ್ಲಿ ಸಿಗುವ ಉತ್ತರದ ಮಾದರಿ:

“ಬಾವ, ನೀರು ಹೆಂಗೆ ಆ ಕಡೆ?”

“ಆರುನೂರಡಿಗೆ ಗ್ಯಾರಂಟಿ ಬಾ ಬಾವ.”

“ಹೋದ್ ಸಲ ಐನೂರು ಅಂದಿದ್ದೆ?”

“ಅದು ಹೋದ್ ಸಲ.”

ಪಟ್ಟಿಪ್ರಕರಣ

ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದಿಲ್ಲ. ಮನುಷ್ಯ ಗಡಿ ದಾಟಿದರೆ ಅವನ ಬಟ್ಟೆ, ಮಾತು, ಮುದ್ದೆ ಯಾವುದೂ ಬದಲಾಗದೆ ಅವನು ಮಾತ್ರ ಬದಲಾಗುತ್ತಾನೆ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿಯಾಚೆ ಅವರೇ ಸುಗಾಲಿಗಳು, ಪರಿಶಿಷ್ಟ ಪಂಗಡ. ನಾಯಕರು ಇಲ್ಲಿ ಪರಿಶಿಷ್ಟ ಪಂಗಡ. ಅವರದೇ ನೆಂಟರಾದ ಬೋಯರು ಅನಂತಪುರ ಸೀಮೆಯಲ್ಲಿ ಹಿಂದುಳಿದ ವರ್ಗ. ಹೀಗಿರಲು, ಈ ಕಡೆಯ ಲಂಬಾಣಿ ಆ ಕಡೆ ಹೋಗಿ ಪಂಗಡದವನಾಗಬಹುದೇ ಎಂದರೆ ಆಗುವಂತಿಲ್ಲ. ವಲಸೆ ಹೋದವನ ಜೊತೆ ಪಟ್ಟಿ ವಲಸೆ ಹೋಗುವುದಿಲ್ಲವೆಂದು 1990ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಹೋದಲ್ಲಿ ಅವನು ಯಾವ ಪಟ್ಟಿಯಲ್ಲೂ ಇಲ್ಲ. ಗಂಡ ಹೆಂಡತಿ ಒಂದೇ ಕುಲ, ಒಂದೇ ಮನೆದೇವರು, ಒಂದೇ ಒಲೆ. ದಾಖಲೆಯಲ್ಲಿ ಗಂಡ ಪಂಗಡ, ಹೆಂಡತಿ ಅವಳ ತವರಿನ ಲೆಕ್ಕದಲ್ಲಿ ಹಿಂದುಳಿದ ವರ್ಗ. ಮದುವೆ ಮಾಡಿಸಿದ ಹಿರಿಯರಿಗೆ ಬಳಿ ಗೊತ್ತಿತ್ತು, ಗೋತ್ರ ಗೊತ್ತಿತ್ತು, ಅನುಸೂಚಿ ಗೊತ್ತಿರಲಿಲ್ಲ. ಅದ್ವೈತಿಗಳು ಒಂದನ್ನೇ ಎರಡಾಗಿ ಕಾಣುವುದನ್ನು ಭ್ರಾಂತಿ ಎಂದರು. ತಾಲ್ಲೂಕು ಆಫೀಸು ಅದಕ್ಕೆ ಸೀಲು ಹಾಕಿ ಕೊಡುತ್ತದೆ.

ಮಕ್ಕಳ ವಿಚಾರವೂ ಇಲ್ಲೇ ಬರುತ್ತದೆ. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಇಲ್ಲಿ ಓದಿರಬೇಕು. ಆಂಧ್ರದಲ್ಲಿ ಸಂವಿಧಾನದ 371(ಡಿ) ವಿಧಿಯ ಕೆಳಗೆ ಸ್ಥಳೀಯನೆನಿಸಿಕೊಳ್ಳಲು ಪರೀಕ್ಷೆಗೆ ಮುಂಚಿನ ನಾಲ್ಕು ವರ್ಷ ಸತತವಾಗಿ ಅಲ್ಲಿರಬೇಕು. ಎರಡನ್ನೂ ತೂಗಿ ನೋಡಿದರೆ ವಲಸೆಗೆ ಶುಭಮುಹೂರ್ತ ಹಿರಿಯ ಮಗುವಿಗೆ ಕೆಲಸ ಸಿಕ್ಕ ಮೇಲೆ, ಕಿರಿಯ ಮಗು ಹುಟ್ಟುವುದಕ್ಕೆ ಮುಂಚೆ. ಅಂಥ ಸಂಸಾರ ಹೋಬಳಿಯಲ್ಲಿ ಇನ್ನೂ ದೊರೆತಿಲ್ಲ.

ಭಾಗ್ಯಪ್ರಕರಣ

ಈ ಭಾಗವನ್ನು ರಚಿಸಿದವರು ಮನೆಯ ಹೆಂಗಸರು. ಗಂಡಸರ ಪಾಠಾಂತರಗಳು ನಂಬಲರ್ಹವಲ್ಲ. ಇಲ್ಲಿ ಅಜ್ಜಿಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ ಆದ್ದರಿಂದ ಗೃಹಲಕ್ಷ್ಮಿಯ 2,000ವೂ ಅವಳಿಗೇ. ಅಲ್ಲಿ ಮುದುಕರ ಪಿಂಚಣಿ 4,000, ತಿಂಗಳ ಒಂದನೇ ತಾರೀಕು ಮನೆ ಬಾಗಿಲಿಗೆ ತಂದು ಕೊಡುತ್ತಾರೆ. ಲಾಭ ಎಂಟುನೂರು, ಮೇಲೆ ಬ್ಯಾಂಕಿನ ಕ್ಯೂ ಇಲ್ಲ. ಸೊಸೆಯ ಲೆಕ್ಕವೇ ಬೇರೆ. ಇಲ್ಲಿ ಗೃಹಲಕ್ಷ್ಮಿ ಅವಳ ಕೈಗೆ ಬಂದದ್ದೇ ಇಲ್ಲ. ಅಲ್ಲಿ ತಲ್ಲಿಕಿ ವಂದನಂ ಎಂದು ಶಾಲೆಗೆ ಹೋಗುವ ಪ್ರತಿ ಮಗುವಿನ ಹೆಸರಲ್ಲಿ ವರ್ಷಕ್ಕೆ 15,000, ಅದರಲ್ಲಿ 13,000 ತಾಯಿಯ ಖಾತೆಗೆ. ತಾಯಿಯ ಖಾತೆಗೆ, ಅತ್ತೆಯದಕ್ಕಲ್ಲ. ಬಸ್ಸಿನ ವಿಷಯದಲ್ಲಿ 2023ರ ಜೂನ್‌ನಿಂದ ನಮ್ಮ ಶಕ್ತಿ ಯೋಜನೆ ಮುಂದಿತ್ತು. 2025ರ ಆಗಸ್ಟ್ 15ರಿಂದ ಅವರೂ ಸ್ತ್ರೀಶಕ್ತಿ ತಂದು ಸಮ ಮಾಡಿದರು.

ಗೌರಿಬಿದನೂರಿನಲ್ಲಿ ಪರಮಾಣು ಇಲಾಖೆಯವರು 1965ರಿಂದ ಒಂದು ಕಂಪನಮಾಪಕ ಕೇಂದ್ರ ನಡೆಸುತ್ತಿದ್ದಾರೆ. ಭೂಮಿಯ ಇನ್ನೊಂದು ಮಗ್ಗುಲಲ್ಲಿ ಯಾರಾದರೂ ನೆಲದಡಿ ಬಾಂಬು ಸಿಡಿಸಿದರೂ ಇಲ್ಲಿ ತಿಳಿಯುತ್ತದೆ. ಅತ್ತೆ ಸೊಸೆ ಇಬ್ಬರೂ ಒಂದೇ ಪ್ರಸ್ತಾಪಕ್ಕೆ ಒಪ್ಪಿದ ಆ ಸಂಜೆ ಮಾಪಕದ ಸೂಜಿ ಹೇಗೆ ಸುಮ್ಮನಿತ್ತೋ ವಿಜ್ಞಾನಿಗಳೇ ಹೇಳಬೇಕು.

ಬಂಧುಪ್ರಕರಣ

ಇಷ್ಟೆಲ್ಲ ಪ್ರಮಾಣಗಳನ್ನು ಬಳಸಿ ಆರಿಸಿದ ಹಳ್ಳಿ ಯಾವುದು? ದೊಡ್ಡ ಮಗಳನ್ನು ಕೊಟ್ಟ ಹಳ್ಳಿ. ಬೇರೆ ಸಂಸಾರದವರು ಇದೇ ಶಾಸ್ತ್ರ ಓದಿ ಬೇರೆ ಹಳ್ಳಿಗೆ ಹೋದರು. ಅದು ಅವರ ಸೋದರಮಾವನ ಹಳ್ಳಿ. ಎಲ್ಲೆಲ್ಲಿ ವಲಸೆಯೋ ಅಲ್ಲಲ್ಲಿ ನೆಂಟ, ಎಲ್ಲಿ ನೆಂಟನಿಲ್ಲವೋ ಅಲ್ಲಿ ವಲಸೆಯಿಲ್ಲ ಎಂದು ವ್ಯಾಪ್ತಿ. ಹೊಗೆ ಕಂಡು ಬೆಂಕಿ ಊಹಿಸುವ ತಾರ್ಕಿಕರ ಅನುಮಾನದಲ್ಲಾದರೂ ದೋಷ ಹುಡುಕಬಹುದು, ಇದರಲ್ಲಿ ಸಿಕ್ಕಿಲ್ಲ. ಹಾಗಾದರೆ ಹಿಂದಿನ ಪ್ರಕರಣಗಳು ಏಕೆ ಬೇಕಿತ್ತೆಂದರೆ, ತೊಂಡೇಬಾವಿಯಲ್ಲಿ ಉಳಿಯುವ ಅಣ್ಣತಮ್ಮಂದಿರ ಮುಂದೆ “ಮಗಳ ಊರಿಗೆ ಹೋಗ್ತೀವಿ” ಎಂದು ಹೇಳಿಕೊಳ್ಳಲಾಗದ ಗಂಡಸರಿಗೆ ಕಾಲುವೆ, ಸೆಂಟು, 371(ಡಿ) ಎಂಬ ಮಾತುಗಳು ಬೇಕಾಗುತ್ತವೆ.

ಇಲ್ಲಿ ಒಂದು ಆಕ್ಷೇಪ. ಮಡಕಶಿರಾ, ಹಿಂದೂಪುರದ ಹಳ್ಳಿಗಳವರೇ ಸಂಸಾರ ಸಮೇತ ದೊಡ್ಡಬಳ್ಳಾಪುರದ ಕಾರ್ಖಾನೆ ಕೆಲಸಕ್ಕೆಂದು ಇದೇ ರೈಲಿನಲ್ಲಿ ತೊಂಡೇಬಾವಿ ದಾಟಿ ಬರುತ್ತಿದ್ದಾರಲ್ಲ, ಅವರ ಗತಿಯೇನು? ಸಮಾಧಾನ: ಅವರಿಗೂ ಇದೇ ಗ್ರಂಥ ಪ್ರಮಾಣ. ಅವರ ಪ್ರತಿಯಲ್ಲಿ ಉದ್ಯೋಗಪ್ರಕರಣ ಪೂರ್ತಿ ಉಳಿದಿದೆ, ಜಲಪ್ರಕರಣ ಸಿಕ್ಕಿಲ್ಲ. ದಿಕ್ಕುಗಳನ್ನು ಮಾತ್ರ ತಿರುಗಿಸಿ ಓದಿಕೊಳ್ಳತಕ್ಕದ್ದು.