ಜಪ್ತಿಯಾಗದ ನಗು

ಸಾಲದ ಕಂತು ತಪ್ಪಿದರೆ ಬ್ಯಾಂಕು ಮನೆಯನ್ನು ಜಪ್ತಿ ಮಾಡಬಹುದು; ಸಾಲಗಾರನ ನಾಲಿಗೆಯನ್ನು ಹರಾಜಿಗಿಡಲಾಗದು. 1929ರ ಷೇರುಪೇಟೆ ಕುಸಿತದ ನಂತರ ಮನೆ ಕಳೆದುಕೊಂಡ ಅಮೆರಿಕನ್ನರು ಈ ರಿಯಾಯಿತಿಯನ್ನು ಧಾರಾಳವಾಗಿ ಬಳಸಿಕೊಂಡರು. ರಟ್ಟು, ತಗಡು ಸೇರಿಸಿ ಕಟ್ಟಿದ ಜೋಪಡಿಗಳ ಕೇರಿಗೆ ಅಧ್ಯಕ್ಷ ಹರ್ಬರ್ಟ್ ಹೂವರ್ ಹೆಸರಲ್ಲಿ ‘ಹೂವರ್‌ವಿಲ್’ ಎಂದು ನಾಮಕರಣವಾಯಿತು. ಹೊದೆಯುವ ಹಳೆಯ ಪತ್ರಿಕೆ ‘ಹೂವರ್ ಕಂಬಳಿ’. ಹೊರಗೆಳೆದು ತೋರಿಸಿದ ಖಾಲಿ ಜೇಬು ‘ಹೂವರ್ ಬಾವುಟ’. ಬದುಕಿದ್ದಾಗಲೇ ಇಷ್ಟೊಂದು ಸ್ಮಾರಕ ಕಂಡ ನಾಯಕರು ಅಪರೂಪ.

ರೈತರು ನೆಚ್ಚಿಕೊಂಡದ್ದು ನಾಟಕವನ್ನು. ಅಯೋವಾ, ನೆಬ್ರಾಸ್ಕಾ ಕಡೆಯ ಜಪ್ತಿ ಹರಾಜುಗಳಿಗೆ ನೆರೆಹೊರೆಯವರೆಲ್ಲ ಗಂಭೀರ ಮುಖ ಹೊತ್ತು ಬರುತ್ತಿದ್ದರು. ಹಸುವಿಗೆ ಕೆಲವೇ ಸೆಂಟು, ನೇಗಿಲಿಗೆ ಇನ್ನೂ ಕಡಿಮೆ ಎಂದು ಸವಾಲು ಕೂಗುವುದು. ಹೆಚ್ಚಿಗೆ ಕೂಗಲು ಬಾಯಿ ತೆರೆದ ಹೊರಗಿನವನನ್ನು ಕೆಕ್ಕರಿಸಿ ನೋಡುವುದು. ಕೊಂಡದ್ದೆಲ್ಲವನ್ನೂ ಹಳೆಯ ಯಜಮಾನನಿಗೇ ಮರಳಿಸುವುದು. ‘ಪೆನ್ನಿ ಹರಾಜು’ ಎಂಬ ಈ ಪ್ರಹಸನದಲ್ಲಿ ಪೆಚ್ಚಾಗುತ್ತಿದ್ದುದು ಸಾಲ ಕೊಟ್ಟವರು ಮಾತ್ರ. 1933ರಲ್ಲಿ ಮಿನ್ನೆಸೋಟ ರಾಜ್ಯವು ಜಪ್ತಿಯನ್ನು ಮುಂದೂಡುವ ಕಾನೂನನ್ನೇ ತಂದಿತು.

2008ರ ಗೃಹಸಾಲ ಬಿಕ್ಕಟ್ಟು ಬಂದಾಗ ಸರದಿ ಸೂಜಿಯದು. ಹಿಂದೆ ನಗರ ಯೋಜಕಿಯಾಗಿದ್ದ ಕಲಾವಿದೆ ಕ್ಯಾಥರಿನ್ ಕ್ಲಾರ್ಕ್, ಬಡಾವಣೆಗಳ ನಕ್ಷೆಗಳನ್ನೇ ಕೌದಿಗಳಾಗಿ ಹೊಲಿದರು. ಜಪ್ತಿಯಾದ ನಿವೇಶನ ಎಲ್ಲೆಲ್ಲಿದೆಯೋ ಅಲ್ಲಲ್ಲಿ ತೂತು. ಸಾಲ ಹೆಚ್ಚಿದಷ್ಟೂ ಕೌದಿಯೊಳಗೆ ಗಾಳಿ. 2015ರ ‘ದಿ ಬಿಗ್ ಶಾರ್ಟ್’ ಚಿತ್ರದಲ್ಲಿ ನಟಿ ಮಾರ್ಗೊ ರಾಬಿ ನೊರೆ ತುಂಬಿದ ಸ್ನಾನದ ತೊಟ್ಟಿಯಲ್ಲಿ ಕುಳಿತು ಸಬ್‌ಪ್ರೈಮ್ ಸಾಲದ ಪಾಠ ಹೇಳುತ್ತಾರೆ. ಸಾಲಪತ್ರ ಓದದೆ ಸಹಿ ಹಾಕಿದವರಿಗೂ ಅರ್ಥವಾಗುವ ಪಾಠವದು. ಮನೆ ಹೋದ ಮೇಲೆ ಬಂತು, ಅಷ್ಟೆ.