ಕಪ್ಪು ಕಾರು ಕೊಂಡವರ ಕಷ್ಟ

ಕಪ್ಪು ಕಾರು ಬೇಡ ಅಂದರೆ ಕೇಳಿದಿರಾ? ಶೋರೂಮಿನ ದೀಪದಡಿ ಮುಖ ಕಾಣುವಷ್ಟು ಮಿಂಚುತ್ತಿತ್ತು, ಒಪ್ಪಿದೆ. ಈಗ ನೋಡಿ, ಭಾನುವಾರ ತಿಂಡಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ, ಸುಡುಬಿಸಿಲಲ್ಲಿ ಬೋರ್‌ವೆಲ್ ಪೈಪು ಹಿಡಿದು ನಿಂತಿದ್ದೀರಿ. ನೀವು ಹಿಂದಿನ ಚಕ್ರ ಮುಟ್ಟುವಷ್ಟರಲ್ಲಿ ಮುಂದೆ ಒಣಗಿ, ಬಾನೆಟ್ ತುಂಬ ರಂಗೋಲಿ ಚುಕ್ಕಿ. ಗೆರೆ ಎಳೆಯುವುದೊಂದೇ ಬಾಕಿ!

ಶಾಂಪೂವನ್ನು ಬೈಯಬೇಡಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ನೀರೇನೋ ಆವಿಯಾಯಿತು, ಸುಣ್ಣ ಎಲ್ಲಿಗೆ ಹೋದೀತು? ನಿಮ್ಮ ಗೀಸರ್ ಕಾಯಿಲ್ ಬಿಚ್ಚಿದ ರಿಪೇರಿಯವನು ನಕ್ಕಿದ್ದೂ ಇದಕ್ಕೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆದೀತು ಎನ್ನುತ್ತದೆ ಭಾರತೀಯ ಮಾನಕ. ಮನುಷ್ಯ ಸಹಿಸಿಯಾನು, ಕಪ್ಪು ಬಣ್ಣ ಸಹಿಸದು. ಹಾಗಾದರೆ ಕಾವೇರಿ ನೀರೇ ಬಿಡೋಣ ಅಂತೀರಾ? ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ ಹೇಳಿತು, 2025ರ ಫೆಬ್ರವರಿಯಲ್ಲಿ ಮತ್ತೆ ಹೇಳಿತು.

ಪಕ್ಕದ ಮನೆಯ ಜಾಣರು ಆರ್‌ಓ ಹೊರಬಿಟ್ಟ ನೀರನ್ನು ಬಕೆಟ್ಟಿಗೆ ಹಿಡಿದು ಕಾರಿಗೆ ಸುರಿಯುತ್ತಾರೆ. ಮಿತವ್ಯಯಕ್ಕೆ ನಮಸ್ಕಾರ. ಆದರೆ ಯಂತ್ರ ಸೋಸಿ ತೆಗೆದ ಲವಣವೆಲ್ಲ ಅದರಲ್ಲೇ ಇದೆ, ರಾಯರೇ! ಚಕ್ರ ತೊಳೆಯಲು ಬೇಕಾದರೆ ಇರಲಿ. ಕೊನೆಯ ನೀರಿಗೆ ಮಳೆನೀರೋ, ಎಸಿ ಪೈಪಿನಿಂದ ತೊಟ್ಟಿಕ್ಕಿದ ನೀರೋ ಆದರೆ ವಾಸಿ. ಸುಣ್ಣದ ಕಾಟ ಇಲ್ಲವೆಂದೇ ಹೇಳಬೇಕು.

ತೊಳೆಯುವುದು ಬೆಳ್ಳಂಬೆಳಗ್ಗೆ, ನೆರಳಲ್ಲಿ, ಮೇಲಿಂದ ಕೆಳಕ್ಕೆ. ಕಡೆಗೆ ಪೈಪಿನ ಬಾಯಿ ಹೆಬ್ಬೆರಳಲ್ಲಿ ಒತ್ತಿ ಚಿಮ್ಮಿಸುವ ಪೌರುಷ ಬೇಡ. ಸುಮ್ಮನೆ ಹರಿಯಬಿಡಿ, ನೀರು ಒಟ್ಟಾಗಿ ಜಾರಿಹೋಗುತ್ತದೆ, ಹನಿ ಕಡಿಮೆ ನಿಲ್ಲುತ್ತದೆ. ಅಸಲಿ ಕೆಲಸ ಶುರುವಾಗುವುದು ಇಲ್ಲಿಂದ: ಒರೆಸುವುದು. ತೊಳೆಯುವಾಗಿನ ಉತ್ಸಾಹ ನಿಮಗೆ ಆಗ ಎಲ್ಲಿರುತ್ತದೆ? ಫೋನು ನೋಡುತ್ತ ಕಾಫಿ ಹೀರುತ್ತೀರಿ, ಚುಕ್ಕಿ ಹುಟ್ಟುವುದು ಆ ಹೊತ್ತಿನಲ್ಲೇ. ಹಳೇ ಬನಿಯನ್ ಬೇಡ ಸ್ವಾಮಿ, ದಪ್ಪ ಮೈಕ್ರೋಫೈಬರ್ ಬಟ್ಟೆ ತನ್ನಿ. ತಿಕ್ಕದೆ, ಹಾಸಿ ಎಳೆಯಿರಿ. ಬಾಗಿಲ ಸಂದು ಬಿಡಬೇಡಿ. ಸೈಡ್ ಮಿರರ್ ಮಹಾ ಕಳ್ಳ, ಒಳಗಿಟ್ಟುಕೊಂಡ ನೀರನ್ನು ನೀವು ಮನೆಯೊಳಗೆ ಹೋದ ಮೇಲೇ ಸುರಿಸುತ್ತದೆ.

ಹಳೇ ಚುಕ್ಕಿಗೆ ವಿನಿಗರಿಗೆ ಸಮ ನೀರು ಬೆರೆಸಿ ಒರೆಸಿ, ಒಣಗಲು ಬಿಡದೆ ತೊಳೆದುಬಿಡಿ. ಹುಳಿ ತಾನೇ ಎಂದು ಹುಣಸೆಹಣ್ಣು ತಂದೀರಿ, ಜೋಕೆ! ಅದು ತಾಮ್ರದ ಚೊಂಬಿಗೆ.